ಮಲಾವಿಗೆ ಹೋದ ತಟ್ಟೆಗಳು

ಮೊನ್ನೆ ಒಂದು ಎಡವಟ್ಟು ಮಾಡಿಕೊಂಡೆ. ಕನ್ನಡಕವನ್ನು ಕಾರಿನಲ್ಲೇ ಬಿಟ್ಟು ಗ್ರೋಸರಿ ಅಂಗಡಿಗೆ ಹೋದವಳು ಅಕ್ಕಿ ಹಿಟ್ಟೆಂದು ಒಂದು ಬಿಳಿ ಹಿಟ್ಟಿನ ಪೊಟ್ಟಣ ತಂದೆ. ಮಧ್ಯಾಹ್ನ ರೊಟ್ಟಿ ತಟ್ಟೋಣವೆಂದು ಅದನ್ನು ಕುದಿಯುವ ನೀರಿಗೆ ಸುರಿದೆ. ಎದ್ದ ಹಬೆ ಅಕ್ಕಿಯದಾಗಿರಲಿಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಹಸಿ, ಎಳೆ ತೆನೆಯ ಸಿಪ್ಪೆ ಸುಲಿದಾಗ ಬರುವಂಥ ವಾಸನೆ. ಪೊಟ್ಟಣವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರೆ ಮುಸುಕಿನ ಜೋಳದ ಹಿಟ್ಟು! ಒಲೆ ಆರಿಸಿ ಎಲ್ಲವನ್ನೂ ಸಿಂಕಿಗೆ ಸುರಿದಿದ್ದರೆ ಜಾಣತನವಾಗುತ್ತಿತ್ತು. ನಾನು ಮಾತ್ರ ಸೌಟು ಹಿಡಿದು ನಿಂತಲ್ಲೇ ನಿಂತೆ. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಬಹಳ ಹಿಂದಕ್ಕೆ, ಅಮೆರಿಕದ ಇದೇ ಹೇವರ್ಡ್ ಊರಿನ ಒಂದು ಹಳೆಯ ಅಪಾರ್ಟ್‌ಮೆಂಟಿನ ಮೆಟ್ಟಿಲಿಗೆ ಕರೆದುಕೊಂಡು ಹೋಗಬೇಕಾಗುತ್ತದೆ. ಬನ್ನಿ, ಹಿಟ್ಟು ಬೇಯಲು ಇನ್ನೂ ಹೊತ್ತಿದೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ. ತುಮಕೂರಿನಲ್ಲಿ ನಮ್ಮಮ್ಮ, "ಪಕ್ಕದ ಮನೆ ಒಗ್ಗರಣೆಗೆ ಎಷ್ಟು ಸಾಸಿವೆ ಬಿತ್ತು ಅಂತ ಇವಳನ್ನ ಕೇಳಿ, ಹೇಳ್ತಾಳೆ" ಎಂದು ಬಂದವರ ಮುಂದೆಲ್ಲ ನನ್ನ ಮಾನ ಕಳೆಯುತ್ತಿದ್ದಳು. ಅಂಥವಳನ್ನು ಮದುವೆ ಮಾಡಿ ಅಮೆರಿಕಕ್ಕೆ ಕಳಿಸಿದರೆ ಅವಳ ಪಾಡು ಏನಾಗಬೇಡ? ಇಲ್ಲಿ ಬಾಗಿಲುಗಳು ಮುಚ್ಚಿಯೇ ಇರುತ್ತವೆ. ಒಗ್ಗರಣೆ ಹಾಳಾಗಲಿ, ಪಕ್ಕದಲ್ಲಿ ಮನುಷ್ಯರಿದ್ದಾರೆಯೇ ಎಂಬುದೇ ತಿಳಿಯುವುದಿಲ್ಲ. ನನ್ನದು ಡಿಪೆಂಡೆಂಟ್ ವೀಸಾ, ಕೆಲಸ ಮಾಡುವಂತಿರಲಿಲ್ಲ. ನಮ್ಮವರು ಬೆಳಿಗ್ಗೆ ಸೇತುವೆ ದಾಟಿ ಮೆನ್ಲೋ ಪಾರ್ಕಿನ ಆಫೀಸಿಗೆ ಹೋದರೆ ಬರುವಾಗ ಕತ್ತಲಾಗುತ್ತಿತ್ತು. ಅವರದು ನಾಯಿ ಬೆಕ್ಕುಗಳ ಹುಟ್ಟುಹಬ್ಬಕ್ಕೆ ಇಂಟರ್ನೆಟ್ಟಿನಲ್ಲಿ ಶುಭಾಶಯ ಕಳಿಸುವ ಕಂಪನಿ. ನಗಬೇಡಿ. ಆಗ ಅಂಥ ಕಂಪನಿಗಳಿಗೆ ದುಡ್ಡು ಕೊಡಲು ಜನ ನಾ ಮುಂದು ತಾ ಮುಂದು ಎಂದು ನಿಂತಿದ್ದರು. ಯಾರ ಮನೆಗೆ ಊಟಕ್ಕೆ ಹೋದರೂ ಗಂಡಸರ ಕಡೆ ಸ್ಟಾಕ್ ಆಪ್ಷನ್ನಿನ ಮಾತು, ಹೆಂಗಸರ ಕಡೆ ಇಲ್ಲೇ ಹತ್ತಿರದ ಡಬ್ಲಿನ್ ಎಂಬ ಊರಿನಲ್ಲಿ ಏಳುತ್ತಿರುವ ಹೊಸ ಮನೆಗಳ ಮಾತು. ಈ ಕಂಪನಿಗಳು ನಿಜವಾಗಿ ಏನು ಮಾಡುತ್ತವೆ ಎಂದು ನಾನು ಕೇಳಿದರೆ ಮಾತ್ರ ಎಲ್ಲರೂ ಪಲ್ಯ ಬಡಿಸಿಕೊಳ್ಳಲು ಎದ್ದುಬಿಡುತ್ತಿದ್ದರು.

ಹೀಗೆ ಮೂಗಿಗೆ ಕೆಲಸವಿಲ್ಲದೆ ಕೂತಿದ್ದ ದಿನಗಳಲ್ಲಿ ಕೆಳಗಿನ ಮನೆಯಿಂದ ಈ ವಾಸನೆ ಮೆಟ್ಟಿಲು ಹತ್ತಿ ಬಂತು. ಕೆಲವು ದಿನ ತಡೆದುಕೊಂಡೆ. ಕೊನೆಗೆ ಒಂದು ಬಟ್ಟಲು ಕೇಸರಿಬಾತನ್ನು ನೆಪಕ್ಕೆ ಹಿಡಿದುಕೊಂಡು ಹೋಗಿ ಬಾಗಿಲು ತಟ್ಟಿದೆ. ತೆರೆದವಳು ನನ್ನದೇ ವಯಸ್ಸಿನ, ನನಗಿಂತ ಒಂದು ತಲೆ ಎತ್ತರದ ಹೆಂಗಸು. ಜೀನ್ಸಿನ ಮೇಲೆ ಸೊಂಟಕ್ಕೆ ಹೂವಿನ ಬಟ್ಟೆಯೊಂದನ್ನು ಬಿಗಿದಿದ್ದಳು, ಕೈಯಲ್ಲಿ ಚಪ್ಪಟೆಯಾದ ಮರದ ಕೋಲು.

"ತಳ ಹಿಡೀತಿದೆ. ಒಳಗಾದರೂ ಬಾ, ಹೊರಗಾದರೂ ಹೋಗು. ಬಾಗಿಲಲ್ಲಿ ಮಾತ್ರ ನಿಲ್ಲಬೇಡ."

ನನ್ನ ಗೆಳತಿ ಥೋಕೊ ನನ್ನೊಂದಿಗೆ ಆಡಿದ ಮೊದಲ ಮಾತು ಇದು. ನಾವಿಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಅವಳದು ಒಂದು ಥರದ್ದು, ನನ್ನದು ಇನ್ನೊಂದು ಥರದ್ದು. ಆದರೆ ನೆನಪಿನಲ್ಲಿ ಅವಳು ಯಾವಾಗಲೂ ಕನ್ನಡವನ್ನೇ ಮಾತಾಡುತ್ತಾಳೆ, ಅದೂ ಗದರುವ ಕನ್ನಡ. ನಾನು ಒಳಗೇ ಹೋದೆ ಎಂದು ಬೇರೆ ಹೇಳಬೇಕಿಲ್ಲ.

ಅವಳು ಮಾಡುತ್ತಿದ್ದುದು ಮುದ್ದೆ! ರಾಗಿಯ ಬದಲು ಮುಸುಕಿನ ಜೋಳ, ಅಷ್ಟೇ. ಕುದಿಯುವ ನೀರಿಗೆ ಹಿಟ್ಟು ಬಿಡುವುದು, ಗಂಟಾಗದಂತೆ ಕೋಲಿನಲ್ಲಿ ತಿರುವುವುದು, ತೋಳು ಸೋಲುವವರೆಗೂ ಕೂಡಿಸುವುದು, ಎಲ್ಲ ನಮ್ಮದೇ. ಅವರ ಊರಲ್ಲಿ ಇದನ್ನು ನ್ಸಿಮಾ ಎನ್ನುತ್ತಾರಂತೆ. ನಾನು ಉತ್ಸಾಹ ತಡೆಯಲಾರದೆ ಒಂದು ತುತ್ತು ಉಂಡೆ ಮಾಡಿ ಗುಳುಂ ಎಂದು ನುಂಗಿ ತೋರಿಸಿದೆ. ಥೋಕೊ ಗಾಬರಿಯಿಂದ ನನ್ನ ಬೆನ್ನು ತಟ್ಟಿದಳು. "ಅಗಿಯೋದಿಲ್ಲವಾ? ಹಲ್ಲು ಯಾತಕ್ಕೆ ಇಟ್ಟುಕೊಂಡಿದ್ದೀರಿ?" ಮುದ್ದೆಯನ್ನು ಅಗಿಯುವವರನ್ನು ನಾವು ಹೇಗೆ ನೋಡುತ್ತೇವೋ, ನುಂಗುವ ನನ್ನನ್ನು ಅವಳು ಹಾಗೆ ನೋಡಿದಳು. ಅಲ್ಲಿಗೆ ಸ್ನೇಹ ಗಟ್ಟಿಯಾಯಿತು.

ಅವಳ ಫ್ರಿಜ್ಜಿನ ಮೇಲೆ ಒಂದು ಪುಟ್ಟ ಹುಡುಗಿಯ ಫೋಟೋ ಇತ್ತು. ಅದು ಅವಳ ಮಗಳು ಟಡಾಲಾ. ಥೋಕೊ ಇಲ್ಲಿ ಗುಡ್ಡದ ಮೇಲಿನ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು, ಮಗುವನ್ನು ಆಫ್ರಿಕಾದ ಮಲಾವಿಯ ಹಳ್ಳಿಯಲ್ಲಿ ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ತಾಯಿಯನ್ನು ಊರೆಲ್ಲ ಅಗೋಗೋ, ಅಂದರೆ ಅಜ್ಜಿ, ಎಂದು ಕರೆಯುತ್ತಿತ್ತು. ಆ ಊರ ಶಿಶುವಿಹಾರವನ್ನು ನಡೆಸುತ್ತಿದ್ದವಳು ಅವಳೇ. ಶಿಶುವಿಹಾರ ಎಂದ ಕೂಡಲೇ ನನ್ನ ಮೂಗು ನೆಟ್ಟಗಾಯಿತು. ಯಾರು ಕಟ್ಟಿಸಿದರು? ಸರ್ಕಾರವೇ? ಟೀಚರಿಗೆ ಸಂಬಳ ಯಾರು ಕೊಡುತ್ತಾರೆ? ಮಕ್ಕಳು ಮಧ್ಯಾಹ್ನ ಮಲಗುತ್ತವೆಯೇ? ಯಾವ ಹಾಡು ಕಲಿಸುತ್ತಾರೆ? ಅಳುವ ಮಗುವನ್ನು ಏನು ಮಾಡುತ್ತಾರೆ?

"ನೀನು ಪೋಲೀಸಾ?" ಎಂದಳು ಥೋಕೊ. ಆದರೂ ಹೇಳಿದಳು. ಊರಿಂದ ದೂರ ಇರುವವರಿಗೆ ಊರಿನ ಬಗ್ಗೆ ಕೇಳುವವರು ಸಿಗುವುದು ಅಪರೂಪ. ಆ ಹಸಿವನ್ನು ನಾನೂ ಬಲ್ಲೆ.

ಸರ್ಕಾರ ಗಿರ್ಕಾರ ಏನೂ ಇರಲಿಲ್ಲ. ಊರವರೇ ಮಣ್ಣಿನ ಮೋಟು ಗೋಡೆ ಎಬ್ಬಿಸಿ ಹುಲ್ಲು ಹೊದಿಸಿದ್ದರು. ತಾಯಂದಿರು ಸರದಿಯ ಮೇಲೆ ಬಂದು ಗಂಜಿ ಕಾಯಿಸುತ್ತಿದ್ದರು. ಬೆಳಿಗ್ಗೆ ಪ್ರತಿ ಮಗುವೂ ಮನೆಯಿಂದ ಒಂದು ಹಿಡಿ ಹಿಟ್ಟು, ಒಂದು ಕಟ್ಟಿಗೆ ಚೂರು, ತನ್ನದೊಂದು ಲೋಟ ತರಬೇಕು. ಲೋಟವೆಂದರೆ ಡಬ್ಬಿಯ ಮುಚ್ಚಳವೋ, ಸೋರೆಬುರುಡೆಯ ಚಿಪ್ಪೋ, ಕಿವಿ ಹೋದ ಪ್ಲಾಸ್ಟಿಕ್ ಕಪ್ಪೋ, ಏನಾದರೂ ನಡೆಯುತ್ತಿತ್ತು. ಎಲ್ಲರ ಹಿಟ್ಟೂ ಒಂದೇ ಗಡಿಗೆಗೆ. ಗಂಜಿ ಕುಡಿದು, ಹಾಡಿ, ಕುಣಿದು, ಎಣಿಸಲು ಕಲಿತು ಮಕ್ಕಳು ಮನೆಗೆ. ಅಷ್ಟು ಹೊತ್ತು ತಾಯಂದಿರು ನಿಶ್ಚಿಂತೆಯಿಂದ ಹೊಲದಲ್ಲಿ ಗೇಯಬಹುದಿತ್ತು. ಇದಿಲ್ಲದ ಕಾಲದಲ್ಲಿ ಮಗುವನ್ನು ನೋಡಿಕೊಳ್ಳಲು ಅದಕ್ಕಿಂತ ಒಂದು ಗೇಣು ಎತ್ತರದ ಇನ್ನೊಂದು ಮಗುವೇ ಗತಿಯಾಗಿತ್ತಂತೆ.

ಶನಿವಾರ ಬೆಳಿಗ್ಗೆ ಥೋಕೊ ಫೋನ್ ಕಾರ್ಡು ಗೀಚಿ ಊರಿಗೆ ಫೋನು ಮಾಡುತ್ತಿದ್ದಳು. ಹಳ್ಳಿಯಲ್ಲಿ ಫೋನಿರಲಿಲ್ಲ. ಅಲ್ಲಿ ಆಗ ಸಂಜೆ. ಅಗೋಗೋ ಯಾರದೋ ಸೈಕಲ್ಲಿನ ಹಿಂದೆ ಕೂತು ಸಂತೆಪೇಟೆಯ ಅಂಗಡಿಗೆ ಬಂದು ಕಾಯುತ್ತಿದ್ದಳು. ನಾನೂ ಕಾಫಿ ಲೋಟ ಹಿಡಿದು ಹಾಜರ್. ಒಂದಕ್ಷರ ತಿಳಿಯದಿದ್ದರೂ ಆ ಭಾಷೆಯ ಏರಿಳಿತ ಕೇಳುವುದು ಚೆಂದವಿತ್ತು. ಒಂದು ಶನಿವಾರ ಏರು ಕಡಿಮೆಯಾಗಿ ಇಳಿತವೇ ಜಾಸ್ತಿಯಾಯಿತು. ಮಳೆ ಸರಿಯಾಗಿ ಬಂದಿಲ್ಲ, ಮನೆಗಳಲ್ಲಿ ಹಿಟ್ಟು ಮುಗಿಯುತ್ತಿದೆ, ಹಿಡಿ ಸಣ್ಣದಾಗುತ್ತಿದೆ, ಗಂಜಿ ನೀರಾಗುತ್ತಿದೆ ಎಂದು ಥೋಕೊ ಹೇಳಿದಳು.

ನನ್ನ ಬಾಯಲ್ಲಿ ಮಾತು ನಿಲ್ಲುತ್ತದೆಯೇ? ಆ ವಾರವೇ ಡಬ್ಲಿನ್ನಿನ ಪದ್ಮಕ್ಕನ ಮನೆಯ ಊಟದಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ಪದ್ಮಕ್ಕ ಉಡುಪಿ ಕಡೆಯವರು, ನಮಗೆಲ್ಲ ಹಿರಿಯರು. ನಮ್ಮವರ ಆಫೀಸಿನ ಶ್ರೀನಾಥ್ ತಕ್ಷಣ, "ಇಷ್ಟೇನಾ? ಒಂದು ಸೀಸನ್ನಿಗೆ ಹಿಟ್ಟಿನ ಮೂಟೆ ನಾವೇ ಸ್ಪಾನ್ಸರ್ ಮಾಡೋಣ ರೀ" ಎಂದರು. ಆ ವರ್ಷಗಳಲ್ಲಿ ಎಲ್ಲರ ಕೈಯೂ ಸಡಿಲವಾಗಿತ್ತು. ಹಿಟ್ಟಿಗೆ ಏರ್ಪಾಡಾಯಿತು. ಯೂನಿವರ್ಸಿಟಿಯ ಆಫ್ರಿಕನ್ ವಿದ್ಯಾರ್ಥಿಗಳು ಹಡಗಿನಲ್ಲಿ ಸಾಮಾನು ಕಳಿಸುವವರಿದ್ದಾರೆ, ಅದರಲ್ಲಿ ಜಾಗವಿದೆ ಎಂದು ನಾನು ಹೇಳಿದಾಗ ಪದ್ಮಕ್ಕ ಕೇಳಿದರು, "ಗಂಜಿ ಸರಿ, ಮಕ್ಕಳು ಉಣ್ಣುದು ಎಂತದ್ರಲ್ಲಿ?"

ಸೋರೆಬುರುಡೆಯ ಕಥೆ ಹೇಳಿದೆ. ಹೆಂಗಸರೆಲ್ಲ ಒಟ್ಟಿಗೆ ಅಯ್ಯೋ ಎಂದರು. ಅಲ್ಲಿಂದ ಗರಾಜುಗಳು ತೆರೆದುಕೊಂಡವು.

ನಿಮಗೆ ಗೊತ್ತಿರಬಹುದು, ಆಗ ಇಲ್ಲಿಗೆ ಬಂದ ಪ್ರತಿ ಕನ್ನಡದ ಹೆಣ್ಣಿನ ಸೂಟ್‌ಕೇಸಿನಲ್ಲೂ ತೌರಿನವರು ತುರುಕಿದ ಸ್ಟೀಲ್ ತಟ್ಟೆಗಳಿರುತ್ತಿದ್ದವು. ಇಲ್ಲಿ ಬಂದು ನಾವು ಉಣ್ಣುತ್ತಿದ್ದುದು ಮಾತ್ರ ಕಾಗದದ ತಟ್ಟೆಯಲ್ಲಿ. ಆ ಸ್ಟೀಲ್ ತಟ್ಟೆಗಳಿಗೆಲ್ಲ ಹೆಸರಿರುತ್ತಿತ್ತು. ಪಾತ್ರೆ ಅಂಗಡಿಯಲ್ಲಿ ಕೊಂಡ ಮೇಲೆ ಅಂಗಡಿಯವನು ಪೆನ್ನಿನಂಥ ಪುಟ್ಟ ಯಂತ್ರ ಹಿಡಿದು "ಏನಂತ ಹಾಕ್ಲಿ ಅಮ್ಮಾ?" ಎಂದು ಕೇಳುತ್ತಾನಲ್ಲ, ಆ ಡರ್ರೆನ್ನುವ ಸದ್ದಿಲ್ಲದೆ ನಮ್ಮಲ್ಲಿ ಪಾತ್ರೆ ವ್ಯಾಪಾರ ಮುಗಿಯುವುದಿಲ್ಲ. ಹೆಸರು ಹಾಕುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ನಮ್ಮ ಬೀದಿಯ ದೇವಸ್ಥಾನಕ್ಕೆ ಯಾರೋ ಪುಣ್ಯಾತ್ಮರು ಕೊಟ್ಟ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು, ತಂದೆಯ ಹೆಸರು, ಅಂಗಡಿಯ ಹೆಸರು, ಎಲ್ಲ ಕೆಂಪು ಬಣ್ಣದಲ್ಲಿ ಬರೆದು, ಬೆಳಕು ಹೊರಗೆ ಬರಲು ದಾರಿಯೇ ಉಳಿದಿರಲಿಲ್ಲ. ಪೂಜಾರಿಗಳು ಅದರ ಕೆಳಗೆ ದೀಪ ಹಚ್ಚಿಕೊಂಡು ಮಂತ್ರ ಓದುತ್ತಿದ್ದರು.

ಪದ್ಮಕ್ಕನ ಗರಾಜಿನಲ್ಲಿ ತಟ್ಟೆಗಳ ರಾಶಿಯೇ ಆಯಿತು. ನನ್ನವುಗಳ ಮೇಲೆ ನಮ್ಮಜ್ಜಿಯ ಹೆಸರು, ಶಾರದಮ್ಮ ಎಂದು. ಒಬ್ಬರದರಲ್ಲಿ ಗೃಹಪ್ರವೇಶದ ನೆನಪಿಗೆ ಎಂದಿತ್ತು. ಶ್ರೀನಾಥ್ ಮನೆಯ ತಟ್ಟೆಗಳಲ್ಲಿ ಅವರಿಗೇ ಗೊತ್ತಿಲ್ಲದ ಯಾರೋ ರಂಗಸ್ವಾಮಿಯವರಿದ್ದರು. ಕಟ್ಟಲು ಬಂದಿದ್ದ ಥೋಕೊ ಒಂದೊಂದನ್ನೂ ಎತ್ತಿ, "ಈ ಚಿತ್ರ ಏನು?" ಎಂದು ಕೇಳಿದಳು. ಹೆಸರು ಎಂದೆ. "ತಟ್ಟೆಗೂ ಹೆಸರಾ?" ಎಂದು ನಕ್ಕು, ಬೆರಳಿನಿಂದ ಶಾರದಮ್ಮನನ್ನು ಸವರಿದಳು. ಊರವರು ಕುಣಿದಾಡುತ್ತಾರೆ ಎಂದಳು. ನಮಗೂ ಹಾಗೇ ಅನ್ನಿಸಿತ್ತು.

ತಟ್ಟೆಗಳು ಸಮುದ್ರ ದಾಟಿದವು. ಹಿಟ್ಟೂ ಊರು ಮುಟ್ಟಿತು. ಮೊದಮೊದಲು ಒಳ್ಳೆಯ ಸುದ್ದಿಯೇ ಬಂತು. ತಟ್ಟೆ ಕನ್ನಡಿಯಂತೆ ಹೊಳೆಯುತ್ತದೆಂದು ಮಕ್ಕಳು ಅದರಲ್ಲಿ ಮುಖ ನೋಡಿಕೊಂಡು ಉಣ್ಣುವುದನ್ನೇ ಮರೆಯುತ್ತಿದ್ದವಂತೆ. ಆಮೇಲೊಂದು ಶನಿವಾರ ಥೋಕೊ ಫೋನ್ ಇಟ್ಟವಳು ನನ್ನ ಕಡೆ ತಿರುಗಿದಳು.

"ಗಂಜಿ ಕಾಯಿಸೋಕೆ ಯಾರೂ ಬರ್ತಿಲ್ಲವಂತೆ. ಅಮ್ಮ ಒಬ್ಬಳೇ ಸೌದೆ ಹೊತ್ತು ಒಬ್ಬಳೇ ಕಾಯಿಸ್ತಿದ್ದಾಳೆ."

"ಯಾಕೆ? ಏನಾಯಿತು?"

"ಹಿಟ್ಟು ಅಮೆರಿಕದ್ದು, ತಟ್ಟೆ ಅಮೆರಿಕದ್ದು, ತಟ್ಟೆ ಮೇಲೆ ಹೆಸರೂ ಅವರದ್ದೇ. ಅಂದ ಮೇಲೆ ಶಾಲೆಯೂ ಅವರದ್ದೇ ಅಲ್ಲವಾ ಅಂತಾರಂತೆ. ಅವರ ಶಾಲೆಗೆ ನಾವು ಯಾಕೆ ಸೌದೆ ಹೊರಬೇಕು, ಬೇಕಾದರೆ ಅವರೇ ಅಡಿಗೆಯವಳನ್ನ ಇಡಲಿ ಅಂತಾರಂತೆ."

ನನಗೆ ಮೊದಲು ಸಿಟ್ಟು ಬಂತು. ಕೊಟ್ಟಿದ್ದಕ್ಕೆ ಇದಾ ಮರ್ಯಾದೆ ಎಂದುಕೊಂಡೆ. ಸಿಟ್ಟಿನ ಹಿಂದೆಯೇ ಕುತೂಹಲವೂ ಬಂತು, ಯಾಕೆಂದರೆ ಅವರು ಹೇಳಿದ್ದರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಿದರೆ ಸಿಗಲಿಲ್ಲ. ಹಿಡಿ ಹಿಟ್ಟು ಹಾಕಿದ್ದವರಿಗೆ ಗಡಿಗೆ ತಮ್ಮದಾಗಿತ್ತು. ಈಗ ಅವರ ಹಿಡಿ ಯಾರಿಗೂ ಬೇಕಾಗಿರಲಿಲ್ಲ. ಮಕ್ಕಳ ಬುರುಡೆ ಲೋಟಗಳನ್ನು ಮೂಲೆಗೆ ಎಸೆದಿದ್ದರಂತೆ. "ನನಗೆ ಇದು ಹೊಳೆಯಬೇಕಿತ್ತು" ಎಂದಳು ಥೋಕೊ. "ನಾನೂ ಅಮೆರಿಕದವಳೇ ಆಗಿಬಿಟ್ಟೆ." ಅಗೋಗೋಗೆ ಮಂಡಿ ನೋವು. ಅವಳು ಮಲಗಿದರೆ ಶಾಲೆ ಮುಚ್ಚುತ್ತದೆ. ಮುಚ್ಚಿದರೆ ಊರ ಮಕ್ಕಳು ಮತ್ತೆ ಬೀದಿಪಾಲು, ಟಡಾಲಾಳನ್ನು ನೋಡಿಕೊಳ್ಳಲು ಥೋಕೊ ಓದನ್ನು ಅರ್ಧಕ್ಕೇ ಬಿಟ್ಟು ಹೊರಡಬೇಕು. ಅವಳು ಫ್ರಿಜ್ಜಿನ ಮೇಲಿನ ಫೋಟೋ ನೋಡುತ್ತ ಕೂತಿದ್ದಳು.

ಪದ್ಮಕ್ಕನ ಮನೆಯಲ್ಲಿ ಮೀಟಿಂಗು ಸೇರಿತು. ಶ್ರೀನಾಥ್ ಬಳಿ ಪರಿಹಾರ ಸಿದ್ಧವಾಗಿತ್ತು. "ತುಂಬಾ ಸಿಂಪಲ್ಲು. ಅಡಿಗೆಗೆ ಇಬ್ಬರನ್ನ ಸಂಬಳಕ್ಕೆ ಇಟ್ಟುಬಿಡೋಣ. ಪ್ರಾಬ್ಲಮ್ಮು ಕ್ಲೋಸು."

"ಸಂಬಳ ಕೊಟ್ರೆ ಅದು ಮತ್ತೂ ನಮ್ಮ ಶಾಲೆಯೇ ಆಯ್ತಲ್ಲ ಮಾರಾಯ್ರೆ?" ಎಂದರು ಪದ್ಮಕ್ಕ. "ನಾಳೆ ನಮಗೆ ಕೊಡ್ಲಿಕ್ಕೆ ಆಗದಿದ್ರೆ?"

"ಕೊಡೋಕೆ ಯಾಕಾಗಲ್ಲ?" ಎಂದರು ಶ್ರೀನಾಥ್. ಎಲ್ಲರೂ ನಕ್ಕರು. ಆಗ ಅದು ನಗುವಂಥ ಪ್ರಶ್ನೆಯೇ ಆಗಿತ್ತು. "ಇಷ್ಟಕ್ಕೆಲ್ಲ ಆ ಹೆಸರುಗಳೇ ಕಾರಣ ಪದ್ಮಕ್ಕ. ಪ್ಲೇನ್ ತಟ್ಟೆ ತಗೊಂಡು ಕಳಿಸಿದ್ರೆ ಆಗೋದು. ನಮ್ಮ ಜನಕ್ಕೆ ಹೆಸರಿನ ಹುಚ್ಚು."

ಅಲ್ಲಿ ಪದ್ಮಕ್ಕನಿಗೆ ಉರಿಯಿತು. ಅತ್ತ ದೋಸೆ ಕಾವಲಿ ಕಾಯುತ್ತಿತ್ತು, ಇತ್ತ ಅವರು. "ಹುಚ್ಚಂತೆ! ಪಾತ್ರೆಗೆ ಹೆಸರು ಹಾಕುದು ದೊಡ್ಡಸ್ತಿಕೆಗೆ ಅಂತ ನಿಮಗೆ ಹೇಳಿದ್ದು ಯಾರು? ನಮ್ಮ ಕೇರಿಯಲ್ಲಿ ಒಂದು ಮದುವೆ ಅಂದ್ರೆ ಎಲ್ಲರ ಮನೆಯ ಪಾತ್ರೆಯೂ ಒಂದೇ ಚಪ್ಪರಕ್ಕೆ ಬರ್ತದೆ. ಆಮೇಲೆ ಯಾವುದು ಯಾವ ಮನೆಗೆ ಹೋಗ್ಬೇಕು? ಅದು ಗೊತ್ತಾಗ್ಲಿಕ್ಕೆ ಹೆಸರು. ಹೆಸರಿದ್ದ ಪಾತ್ರೆ ಅಂದ್ರೆ ಮನೆ ಮನೆ ತಿರುಗುವ ಪಾತ್ರೆ. ಮತ್ತೆ ಖಾಲಿ ಪಾತ್ರೆ ಯಾರಾದ್ರೂ ಹಿಂದೆ ಕೊಡ್ತಾರಾ? ಒಂದು ತುಂಡು ಬೆಲ್ಲ ಆದ್ರೂ ಹಾಕಿಯೇ ಕೊಡುದು."

ಅಂದು ತೀರ್ಮಾನವೇನೂ ಆಗಲಿಲ್ಲ, ದೋಸೆ ಮಾತ್ರ ಚೆನ್ನಾಗಿತ್ತು. ಆದರೆ ಪದ್ಮಕ್ಕನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮುಂದಿನ ಶನಿವಾರ ಥೋಕೊಳನ್ನು ಕಾಡಿ, ಅದನ್ನು ಇದ್ದಂತೆಯೇ ಅಗೋಗೋಗೆ ಹೇಳಿಸಿದೆ. ಮದುವೆಯ ಚಪ್ಪರವನ್ನೂ ಬೆಲ್ಲದ ತುಂಡನ್ನೂ ಬಿಡದೆ ಹೇಳು ಎಂದೆ. ಅಷ್ಟು ದೂರದಿಂದ ಮೊದಲು ಗರಗರ ಸದ್ದು, ಆಮೇಲೆ ಒಂದು ದೊಡ್ಡ ನಗು ಬಂತು. ಅವರಲ್ಲೂ ಹಾಗೆಯೇ ಅಂತೆ. ನೆರೆಮನೆಯಿಂದ ಬಂದ ಬುಟ್ಟಿಯನ್ನು ಬರಿದಾಗಿ ಹಿಂದಿರುಗಿಸಿದರೆ ಜನ ಆಡಿಕೊಳ್ಳುತ್ತಾರಂತೆ.

"ಹಾಗಾದರೆ ಇವು ತಿರುಗೋ ತಟ್ಟೆಗಳು" ಎಂದಳಂತೆ ಅಗೋಗೋ. "ನಾನು ಇವನ್ನ ಶಾಲೆಯಲ್ಲಿ ಪೇರಿಸಿ ಇಟ್ಟಿದ್ದೀನಲ್ಲ!"

ಅಷ್ಟರಲ್ಲಿ ಕಾರ್ಡು ಮುಗಿಯಿತು. ಆಮೇಲಿನ ಕೆಲವು ವಾರ ಅಗೋಗೋ ಅಂಗಡಿಗೆ ಬರಲಿಲ್ಲ. ಥೋಕೊಳಿಗೆ ಊಟ ಸೇರುತ್ತಿರಲಿಲ್ಲ, ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಂತೂ ಕೊನೆಗೆ ಸುದ್ದಿ ಬಂತು.

ಅಗೋಗೋ ತಟ್ಟೆಗಳನ್ನೆಲ್ಲ ಹೊತ್ತುಕೊಂಡು ಮನೆ ಮನೆಗೆ ಹೋಗಿದ್ದಳು. ಒಂದೊಂದು ಮನೆಗೆ ಒಂದೊಂದು ತಟ್ಟೆ. ಇದು ಇನ್ನು ನಿಮ್ಮದು, ನಿಮ್ಮ ಗುರುತು ಹಾಕಿಕೊಳ್ಳಿ ಎಂದಿದ್ದಳು. ಅವರು ಮೊಳೆಯಲ್ಲಿ ಕುಟ್ಟಿ, ಕನ್ನಡ ಅಕ್ಷರಗಳ ಪಕ್ಕದಲ್ಲೇ ತಮ್ಮ ಮನೆಯ ಗುರುತು ಹಾಕಿಕೊಂಡಿದ್ದರು. ಒಬ್ಬರದು ಮೀನು, ಒಬ್ಬರದು ಬಾಚಣಿಗೆ, ಒಬ್ಬರದು ಬರಿಯ ಚುಕ್ಕೆಗಳು. ತಟ್ಟೆ ಮನೆಯಲ್ಲೇ ಇರುತ್ತಿತ್ತು. ಬೆಳಿಗ್ಗೆ ಮಗುವಿನ ಜೊತೆ ಶಾಲೆಗೆ ಬರುತ್ತಿತ್ತು. ಬರುವಾಗ ಖಾಲಿ ಬರುವಂತಿರಲಿಲ್ಲ, ಒಂದು ಹಿಡಿ ಹಿಟ್ಟು ಅದರಲ್ಲಿರಬೇಕಿತ್ತು.

"ಇಲ್ಲದವರು?" ಎಂದು ನಾನು ನಡುವೆ ಬಾಯಿ ಹಾಕಿದೆ. "ಮನೆಯಲ್ಲಿ ಹಿಟ್ಟೇ ಇಲ್ಲದವರು ಏನು ಮಾಡ್ತಾರೆ?"

ನಮ್ಮ ಮೂಟೆಗಳನ್ನು ಅಗೋಗೋ ಈಗ ಗಡಿಗೆಗೆ ಹಾಕುತ್ತಿರಲಿಲ್ಲ. ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದಳು. ಹಿಟ್ಟಿಲ್ಲದ ಮನೆಯವರು ಹಿಂದಿನ ದಿನವೇ ತಟ್ಟೆ ಹಿಡಿದು ಅವಳ ಹಿತ್ತಿಲ ಬಾಗಿಲಿಗೆ ಬರುತ್ತಿದ್ದರು. ಅವಳು ಒಂದು ಹಿಡಿ ಹಾಕುತ್ತಿದ್ದಳು. ಮಾರನೆಯ ಬೆಳಿಗ್ಗೆ ಅದೇ ಹಿಡಿಯನ್ನು ಅವರ ಮಗು ಎಲ್ಲರ ಎದುರು ತಲೆಯೆತ್ತಿಕೊಂಡು ಗಡಿಗೆಗೆ ಸುರಿಯುತ್ತಿತ್ತು. ಯಾರ ಮನೆಯ ಹಿಡಿ ಯಾವುದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ತಾಯಂದಿರು ಸರದಿಗೆ ಮರಳಿದ್ದರು. ಥೋಕೊ ಇದನ್ನು ಹೇಳುವಾಗ ಮುಖ ಆ ಕಡೆ ತಿರುಗಿಸಿಕೊಂಡು ಒಲೆ ಒರೆಸುತ್ತಿದ್ದಳು. ಒಲೆ ಸ್ವಚ್ಛವಾಗಿಯೇ ಇತ್ತು.

ಆಮೇಲೆ ನಮ್ಮ ಇಂಟರ್ನೆಟ್ ಕಂಪನಿಗಳ ಗುಳ್ಳೆ ಒಡೆಯಿತು. ಆ ಕಥೆ ನಿಮಗೂ ಗೊತ್ತು. ನಿನ್ನೆ ಕಾರು ನಿಲ್ಲಿಸಲು ಜಾಗವಿಲ್ಲದಿದ್ದ ಆಫೀಸುಗಳ ಮುಂದೆ ಸೀಗಲ್ ಹಕ್ಕಿಗಳು ಓಡಾಡತೊಡಗಿದವು. ನಾಯಿ ಬೆಕ್ಕುಗಳ ಹುಟ್ಟುಹಬ್ಬ ಯಾರಿಗೂ ನೆನಪಿಲ್ಲದಂತಾಯಿತು. ಶ್ರೀನಾಥ್ ಸಂಸಾರ ಸಮೇತ ಬೆಂಗಳೂರಿಗೆ ಹೊರಟರು. ನಮ್ಮವರ ಕೆಲಸವೂ ಹೋಯಿತು, ಕೆಲಸದ ಜೊತೆ ವೀಸಾಕ್ಕೂ ಕುತ್ತು. ಬೇರೆ ಕೆಲಸ ಸಿಗುವವರೆಗೆ ನಾವು ಸೋಫಾ ಮಾರಿ ನೆಲದ ಮೇಲೆ ಕೂತೆವು. ಡಬ್ಲಿನ್ನಿನ ಮನೆಯ ಮಾತನ್ನು ಯಾರೂ ಎತ್ತಲಿಲ್ಲ. ಮಲಾವಿಗೆ ಹಿಟ್ಟಿನ ಮೂಟೆ ಕಳಿಸುವುದು ನಿಂತುಹೋಯಿತು.

ಅದೂ ಯಾವಾಗ? ಅವರ ಹಳೆಯ ಜೋಳ ಮುಗಿದು ಹೊಸದಿನ್ನೂ ಬಾರದ ತಿಂಗಳುಗಳಲ್ಲಿ. ನಾವು ಹೇಳದೆ ಸುಮ್ಮನಿರುವುದು ಸರಿಯಲ್ಲವೆಂದು ನಾನೇ ಮೆಟ್ಟಿಲಿಳಿದು ಹೋಗಿ ಥೋಕೊಳಿಗೆ ಹೇಳಿದೆ. "ಗೊತ್ತು" ಎಂದಳು. "ನಿಮ್ಮ ಸೋಫಾ ಹೋಗಿದ್ದನ್ನ ನೋಡಿದೆ." ಇಬ್ಬರೂ ಕೂತು ಫೋನು ಮಾಡಿದೆವು. ಆ ಹಿತ್ತಿಲ ಬಾಗಿಲಿಗೆ ಬರುವ ಖಾಲಿ ತಟ್ಟೆಗಳೇ ನನ್ನ ಕಣ್ಣ ಮುಂದೆ.

ಥೋಕೊ ನಿಧಾನವಾಗಿ ಹೇಳಿದಳು. ಆ ಕಡೆಯಿಂದ ಪ್ರಶ್ನೆಗಳು ಬಂದವು. ಥೋಕೊ ಒಂದೊಂದಾಗಿ ನನಗೆ ದಾಟಿಸಿದಳು.

"ಕೆಲಸ ಹೋಯಿತು ಅಂದರೆ ಏನು ಅಂತ ಕೇಳ್ತಿದ್ದಾಳೆ. ಹೊಲ ಇಲ್ಲವಾ ಅವರಿಗೆ?"

"ಇಲ್ಲ ಅನ್ನು."

"ಜೋಳ ಕೂಡಿಟ್ಟಿಲ್ಲವಾ?"

"ಇಲ್ಲ."

"ಹಾಗಾದರೆ ಏನು ತಿಂತಾರೆ ಅಂತಿದ್ದಾಳೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಗೋಗೋ ತಡಿ ಎಂದಳಂತೆ. ಅಂದು ಸಂತೆ, ಊರಿನ ಹೆಂಗಸರು ಅಂಗಡಿಯ ಹೊರಗೇ ಇದ್ದರು. ಫೋನಿನಲ್ಲಿ ಅವರ ಗಲಾಟೆ ಕೇಳಿಸುತ್ತಿತ್ತು. ಯಾರೋ ಜೋರಾಗಿ ಏನೋ ಹೇಳಿದರು, ಇನ್ಯಾರೋ ಅವರನ್ನು ತಿದ್ದಿದರು. ಆಮೇಲೆ ಅಗೋಗೋ ಮತ್ತೆ ಬಂದು ಗಂಭೀರವಾಗಿ ಮಾತಾಡಿದಳು. ಥೋಕೊ ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನನ್ನೇ ನೋಡಿದಳು.

"ಹಿಟ್ಟಿನ ಚಿಂತೆ ಮಾಡಬೇಡಿ, ನಾವು ಹಿಡಿಯನ್ನ ಸಣ್ಣ ಮಾಡಿಕೊಳ್ತೀವಿ ಅಂತಿದ್ದಾರೆ. ಅದಲ್ಲ ಅವರು ಕೇಳ್ತಿರೋದು. ತಟ್ಟೆಗಳು ನಿಮಗೆ ವಾಪಸ್ ಬೇಕಾ ಅಂತ. ಬೇಕಾದರೆ ಒಟ್ಟು ಮಾಡಿ ಹಡಗಿಗೆ ಹಾಕ್ತಾರಂತೆ." ಅವಳು ಮತ್ತೆ ಫೋನಿಗೆ ಕಿವಿಗೊಟ್ಟಳು. "ಖಾಲಿ ಕಳಿಸೋಲ್ಲ ಅಂತ ಹೇಳು ಅಂತಿದ್ದಾರೆ."

ನಾನು ನಗಲು ಹೋದೆ, ಅಳು ಬಂತು. ಕೆಲಸ ಹೋದ ದಿನ ಅತ್ತಿರಲಿಲ್ಲ, ಸೋಫಾ ಹೋದ ದಿನವೂ ಇಲ್ಲ. ಈ ದೇಶದಲ್ಲಿ ಅಷ್ಟು ವರ್ಷ ಇದ್ದೆವು, ನೀವು ಏನು ತಿನ್ನುತ್ತಿದ್ದೀರಿ ಎಂದು ನಮ್ಮನ್ನು ಆ ತಿಂಗಳುಗಳಲ್ಲಿ ಕೇಳಿದವರು ಆ ಹೆಂಗಸರು ಮಾತ್ರ. ಅವರ ಮುಖವನ್ನು ನಾನು ಇಂದಿಗೂ ನೋಡಿಲ್ಲ.

ತಟ್ಟೆ ಬೇಡವೆಂದೆವು. ನಮ್ಮವರಿಗೆ ಕೊನೆಗೆ ಹೇವರ್ಡಿನಲ್ಲೇ, ಗೋದಾಮುಗಳ ನಡುವಿನ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಶಾಲೆ ನಡೆಯಿತು, ತೆಳ್ಳಗಿನ ಗಂಜಿಯಲ್ಲಿ ಕೆಲವು ವಾರ, ಗಟ್ಟಿ ಗಂಜಿಯಲ್ಲಿ ಆಮೇಲೆ. ಥೋಕೊ ಓದು ಮುಗಿಸಿ ಊರಿಗೇ ಮರಳಿದಳು. ಅಗೋಗೋ ಈಗಿಲ್ಲ. ಸರದಿ ಮಾತ್ರ ಇದೆಯಂತೆ. ನಮ್ಮಜ್ಜಿಯ ಹೆಸರು ಇನ್ನೂ ಕಾಣುತ್ತದೆಯೇ ಎಂದು ಒಮ್ಮೆ ಥೋಕೊಳನ್ನು ಕೇಳಿದ್ದೆ. ತಿಕ್ಕಿ ತಿಕ್ಕಿ ಸವೆದುಹೋಗಿದೆ, ಮೀನು ಮಾತ್ರ ಉಳಿದಿದೆ ಎಂದಳು. ನನಗೆ ಒಳಗೊಳಗೇ ಸಂತೋಷವಾಯಿತು.

ಇಷ್ಟು ಹೇಳುವಷ್ಟರಲ್ಲಿ ಹಿಟ್ಟು ಬೆಂದು ಗಟ್ಟಿಯಾಗಿತ್ತು. ರೊಟ್ಟಿಯ ಆಸೆ ಬಿಟ್ಟು ಕೂಡಿಸಿ ಮುದ್ದೆ ಮಾಡಿದೆ. ನೆಂಚಿಕೊಳ್ಳಲು ಸೊಪ್ಪು ಬೇಕಲ್ಲ, ಮನೆಯಲ್ಲಿ ಇರಲಿಲ್ಲ. ಕಿಟಕಿಯಾಚೆ ನೋಡಿದೆ. ಪಕ್ಕದ ಮನೆಯ ಲೂಸ್ ಎಂಬ ಫಿಲಿಪೀನ್ಸಿನ ಅಜ್ಜಿಯ ಹಿತ್ತಿಲಿನಲ್ಲಿ ಒಂದು ನುಗ್ಗೆಗಿಡವಿದೆ. ನಾವು ಈ ಮನೆಗೆ ಬಂದಾಗಿನಿಂದ ನಾನು ಅದನ್ನು ಬೇಲಿಯಾಚೆಯಿಂದ ಆಸೆಗಣ್ಣಿನಿಂದ ನೋಡುತ್ತಲೇ ಇದ್ದೇನೆ, ಫ್ರೀವೇ ಹಿಡಿದು ಹೋಗಿ ಇಂಡಿಯನ್ ಅಂಗಡಿಯಿಂದ ಫ್ರೋಜನ್ ನುಗ್ಗೆಸೊಪ್ಪನ್ನು ತರುತ್ತಲೂ ಇದ್ದೇನೆ. ಪ್ರತಿ ದೀಪಾವಳಿಗೆ ಅವಳಿಗೆ ಡಬ್ಬಿ ತುಂಬ ಸಿಹಿ ಕೊಟ್ಟು, ಅವಳು ಬದಲಿಗೆ ಏನಾದರೂ ಕೊಡಲು ಬಂದರೆ "ಅಯ್ಯೋ, ಏನೂ ಬೇಡ" ಎಂದು ನಗುತ್ತ ಓಡಿಬರುತ್ತೇನೆ. ಅದನ್ನು ಒಳ್ಳೆಯತನ ಎಂದುಕೊಂಡಿದ್ದೆ. ಎಲ್ಲವನ್ನೂ ಕೇಳುವ ನಾನು ಒಂದು ಹಿಡಿ ಸೊಪ್ಪು ಕೇಳಿರಲಿಲ್ಲ.

ಕೈ ತೊಳೆದುಕೊಂಡು ಹೋಗಿ ಬಾಗಿಲು ತಟ್ಟಿದೆ. "ನಿಮ್ಮ ಗಿಡದಿಂದ ಸ್ವಲ್ಪ ಸೊಪ್ಪು ಬೇಕಿತ್ತು" ಎಂದೆ. ಮಾತು ಯಾಕೋ ತೊದಲಿತು.

ಲೂಸ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಮ್ಮಿಂದ ನಿಮಗೆ ಏನೂ ಬೇಕಾಗೋದೇ ಇಲ್ಲ ಅಂದುಕೊಂಡಿದ್ದೆ" ಎಂದವಳೇ ಕತ್ತರಿ ತರಲು ಒಳಗೆ ಓಡಿದಳು.